ಲಿಬರೇಟರ್‌ಗೆ ಮತ್ತೆ ರೆಕ್ಕೆ ಕಟ್ಟಿದವರ ಹೆಸರೆಲ್ಲಿ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ತಯಾರಿಸಿದ ಭಾರೀ ಬಾಂಬರ್‌ಗಳ ಪೈಕಿ ಬಿ-24 ಲಿಬರೇಟರ್‌ನಷ್ಟು ಸಂಖ್ಯೆಯಲ್ಲಿ ಇನ್ನಾವುದೂ ಹೊರಬರಲಿಲ್ಲ. 1939ರ ಡಿಸೆಂಬರ್ ಕೊನೆಯಲ್ಲಿ ಮೊದಲ ಬಾರಿ ಹಾರಿದ ಈ ನಾಲ್ಕು ಎಂಜಿನ್ನಿನ ವಿಮಾನಗಳನ್ನು ಯುದ್ಧ ಮುಗಿಯುವಷ್ಟರಲ್ಲಿ 18 ಸಾವಿರಕ್ಕೂ ಹೆಚ್ಚು ಕಟ್ಟಿದ್ದರು. ಯುದ್ಧ ಮುಗಿದದ್ದೇ ತಡ, ಬಹುಪಾಲು ಕರಗಿ ಅಲ್ಯೂಮಿನಿಯಂ ಗಟ್ಟಿಗಳಾದವು. ಈಗ ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಕೆನಡಾದ ಒಟ್ಟಾವಾದಲ್ಲಿದೆ, ಒಂದು ಅಮೆರಿಕದ ಟಕ್ಸನ್‌ನ ಪೀಮಾ ಸಂಗ್ರಹಾಲಯದಲ್ಲಿದೆ, ಒಂದು ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯದಲ್ಲಿದೆ. ಇನ್ನೊಂದನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ 1989ರಲ್ಲಿ ಮತ್ತೆ ಹಾರಿಸಿ, ದಶಕಗಳ ಕಾಲ ಊರೂರು ತಿರುಗಿಸಿ ಜನರಿಗೆ ತೋರಿಸಿತು. ಈ ನಾಲ್ಕೂ ಭಾರತೀಯ ವಾಯುಪಡೆಯಲ್ಲಿ ದುಡಿದಂಥವು. ಇವುಗಳಿಗೆ ಎರಡನೆಯ ಜನ್ಮ ಕೊಟ್ಟದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್. ಹಾಗಿದ್ದೂ ಲಿಬರೇಟರ್‌ನ ಕಥೆ ಬಂದಾಗಲೆಲ್ಲ ಅದು ಹೊರನಾಡಿನ ಪೈಲಟ್‌ಗಳ ಕಥೆಯಾಗಿಯೇ ಬರುತ್ತದೆ. ಯುದ್ಧವಿಮಾನವೊಂದರ ಸೇವಾಚರಿತ್ರೆ ಎಂದರೆ ಅದರೊಳಗೆ ಕುಳಿತ ಎಂಟು-ಹತ್ತು ಜನರ ಚರಿತ್ರೆ ಮಾತ್ರವಲ್ಲ; ಅದರ ಅರ್ಧಕ್ಕಿಂತ ಹೆಚ್ಚಿನ ಭಾಗ ಕಾರ್ಖಾನೆಯ ನೆಲದ ಮೇಲೆ ನಡೆದದ್ದು. ಆ ಭಾಗ ನಮ್ಮದು, ಅದು ಕನ್ನಡದಲ್ಲಿ ಬರೆಯದೇ ಉಳಿದಿದೆ ಎಂಬುದು ನನ್ನ ತಕರಾರು.

ಬಾಂಬರ್‌ಗಳ ಬಗ್ಗೆ ಬಂದಿರುವ ಪುಸ್ತಕಗಳಿಗೆ ಒಂದು ಸಿದ್ಧ ಕ್ರಮವಿದೆ. ವಿಮಾನದ ಸಂಖ್ಯೆ, ಅದು ಸೇರಿದ ಸ್ಕ್ವಾಡ್ರನ್, ಹೋದ ದಾಳಿಗಳ ತಾರೀಖು, ಸಿಬ್ಬಂದಿಯ ಹೆಸರು, ಕೊನೆಗೆ ಬಿದ್ದ ಜಾಗ ಅಥವಾ ಗುಜರಿಗೆ ಹೋದ ದಿನ. ಪೈಲಟ್, ಸಹಪೈಲಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಗುರಿಗಾರ, ವೈರ್‌ಲೆಸ್ ಆಪರೇಟರ್, ಫ್ಲೈಟ್ ಎಂಜಿನಿಯರ್, ಬಂದೂಕುಗಾರರು ಎಂದು ಅಮೆರಿಕದ ಲಿಬರೇಟರ್‌ನಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಇರುತ್ತಿದ್ದರು. ಬಾಂಬುಗಳ ನಡುವಿನ ಒಂದು ಅಡಿಯೂ ಅಗಲವಿಲ್ಲದ ಪಟ್ಟಿಯ ಮೇಲೆ ಹೆಜ್ಜೆಯಿಟ್ಟು ಮುಂದಿನಿಂದ ಹಿಂದಕ್ಕೆ ಓಡಾಡಬೇಕಿದ್ದ ಈ ಜನರ ಧೈರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. ಆದರೆ ಏಷ್ಯಾದಲ್ಲಿ ಲಿಬರೇಟರ್‌ಗೆ ಹೆಸರು ತಂದದ್ದು ಅದರ ದೂರದ ಓಟ. 1944ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ 159ನೇ ಸ್ಕ್ವಾಡ್ರನ್ ಬಂಗಾಳದ ದಿಗ್ರಿಯಿಂದ ಹೊರಟು ಮಲಯಾದ ಪೆನಾಂಗ್ ಬಂದರಿನ ಸುತ್ತ ನೀರಿನಲ್ಲಿ ಮೈನ್‌ಗಳನ್ನು ಬಿತ್ತಿ ಬಂದಿತು. ಹೋಗಿ ಬರುವ ದಾರಿ ಸುಮಾರು 3,000 ಮೈಲಿ. ಇಂಧನ ಹೇಗೆ ಉಳಿಸಬೇಕು, ಎಂಜಿನ್ನನ್ನು ಯಾವ ಹದದಲ್ಲಿ ಓಡಿಸಬೇಕು ಎಂಬ ಲೆಕ್ಕವನ್ನು ತಿಂಗಳುಗಟ್ಟಲೆ ಪರೀಕ್ಷಿಸಿ ಕಂಡುಕೊಂಡ ಕಮಾಂಡರ್ ಬ್ಲ್ಯಾಕ್‌ಬರ್ನ್ ಅವರ ಹೆಸರು ಇತಿಹಾಸದಲ್ಲಿ ನಿಂತಿದೆ, ನಿಲ್ಲಬೇಕಾದದ್ದೇ. ಆದರೆ ಆ ಲೆಕ್ಕ ನಿಜವಾಗಬೇಕಾದರೆ ಎಂಜಿನ್ ಒಂದಕ್ಕೆ ಹದಿನಾಲ್ಕು ಸಿಲಿಂಡರ್, ಸಿಲಿಂಡರ್ ಒಂದಕ್ಕೆ ಎರಡು ಪ್ಲಗ್ಗಿನಂತೆ ವಿಮಾನಕ್ಕೆ 112 ಸ್ಪಾರ್ಕ್ ಪ್ಲಗ್‌ಗಳೂ ಸರಿಯಾಗಿ ಕಿಡಿ ಹಚ್ಚಬೇಕು. ಮಳೆಗಾಲದ ಬಂಗಾಳದ ಕೆಸರಿನಲ್ಲಿ ಅವನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದವರ ಪಟ್ಟಿ ಯಾವ ಪುಸ್ತಕದ ಕೊನೆಯಲ್ಲೂ ಸಿಗುವುದಿಲ್ಲ.

ಕರ್ನಾಟಕ ಈ ಕಥೆಯೊಳಗೆ ಬರುವುದು ಮೂರು ಬಾಗಿಲಿನಿಂದ. ಮೊದಲನೆಯದು ಬೆಂಗಳೂರಿನ ಕಾರ್ಖಾನೆ. ಉದ್ಯಮಿ ವಾಲ್‌ಚಂದ್ ಹಿರಾಚಂದ್, ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಯಂತ್ರ ಮತ್ತು ತಂತ್ರಜ್ಞರನ್ನು ಒದಗಿಸಿದ್ದು ಅಮೆರಿಕದ ವಿಲಿಯಂ ಪಾಲಿ. ವಿಮಾನ ತಯಾರಿಸಬೇಕೆಂಬ ಕನಸಿನಿಂದ ಶುರುವಾದ ಸಂಸ್ಥೆಯ ಆಡಳಿತವನ್ನು ಜಪಾನಿನ ಸೇನೆ ಬರ್ಮಾಕ್ಕೆ ನುಗ್ಗಿದ ವರ್ಷ, ಅಂದರೆ 1942ರಲ್ಲಿ, ಭಾರತ ಸರ್ಕಾರ ವಹಿಸಿಕೊಂಡಿತು. 1943ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಬಂತು. ಅಲ್ಲಿಂದ ಯುದ್ಧ ಮುಗಿಯುವವರೆಗೆ ವಿಮಾನಪುರದ ಶೆಡ್ಡುಗಳು ಪೂರ್ವದ ರಣರಂಗದ ದುರಸ್ತಿ ಮನೆ. ಸಾಮಾನು ಸಾಗಿಸುವ ಡಕೋಟಾ, ನೀರಿನ ಮೇಲಿಳಿಯುವ ಕ್ಯಾಟಲಿನಾ, ಬಾಂಬರ್‌ಗಳಾದ ಮಿಚೆಲ್ ಮತ್ತು ಲಿಬರೇಟರ್, ಜೊತೆಗೆ ಅವುಗಳ ರಾಶಿ ರಾಶಿ ಎಂಜಿನ್‌ಗಳು ಇಲ್ಲಿಗೆ ಬಂದು ಬಿಚ್ಚಿಕೊಂಡು, ಹೊಸದಾಗಿ ಕೂಡಿಕೊಂಡು ಹೊರಡುತ್ತಿದ್ದವು. ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡಿದ್ದ ಸುತ್ತಲಿನ ಜಿಲ್ಲೆಗಳ ಹುಡುಗರು ಸಾವಿರಾರು ಸಂಖ್ಯೆಯಲ್ಲಿ ಬಂದು ಫಿಟ್ಟರ್, ಟರ್ನರ್, ವೆಲ್ಡರ್, ರಿವೆಟ್ ಹೊಡೆಯುವವರಾದರು. ಒಂದು ತಲೆಮಾರಿನ ಕೈಗಳಿಗೆ ಹೊಸ ವಿದ್ಯೆ ಬಂದದ್ದು ಹೀಗೆ, ಯುದ್ಧದ ತುರ್ತಿನಲ್ಲಿ.

ಎರಡನೆಯ ಬಾಗಿಲು ಕೋಲಾರ. ಚಿನ್ನದ ಗಣಿಯ ಹೆಸರನ್ನು ಸಿನಿಮಾದಿಂದಾಗಿ ಇಂದು ದೇಶವೆಲ್ಲ ಬಲ್ಲದು. ಆದರೆ ಕೋಲಾರದಲ್ಲಿ ಯುದ್ಧಕಾಲದ ದೊಡ್ಡ ವಿಮಾನನೆಲೆಯೊಂದಿತ್ತು ಎಂಬುದು ಆ ಜಿಲ್ಲೆಯ ಹೊರಗೆ ಎಷ್ಟು ಜನಕ್ಕೆ ಗೊತ್ತು? ಬ್ರಿಟಿಷ್ ವಾಯುಪಡೆಯ 1673ನೇ ಭಾರೀ ವಿಮಾನ ತರಬೇತಿ ಘಟಕ ಅಲ್ಲಿತ್ತು. ಎರಡು ಎಂಜಿನ್ನಿನ ವಿಮಾನ ಹಾರಿಸಿ ಅಭ್ಯಾಸವಿದ್ದವರಿಗೆ ನಾಲ್ಕು ಎಂಜಿನ್ನಿನ ಲಿಬರೇಟರ್ ಕಲಿಸುವುದು ಅದರ ಕೆಲಸ. ಅದೇ ಘಟಕದಿಂದ 1944ರ ನವೆಂಬರ್ 8ರಂದು 358ನೇ ಸ್ಕ್ವಾಡ್ರನ್ ಕೋಲಾರದಲ್ಲಿಯೇ ಹುಟ್ಟಿತು. ಈ ಸ್ಕ್ವಾಡ್ರನ್ನಿನ ಚರಿತ್ರೆ ಸ್ವಾರಸ್ಯವಾದದ್ದು. ಬಾಂಬ್ ಹಾಕಲೆಂದೇ ಕಟ್ಟಿದ ಪಡೆ ಬಾಂಬ್ ದಾಳಿಗೆ ಹೋದದ್ದು ಒಂದೇ ಒಂದು ಸಲ, 1945ರ ಜನವರಿಯಲ್ಲಿ ಮಾಂಡಲೆಗೆ. ಆಮೇಲೆ ಅದನ್ನು ಗುಪ್ತ ಕಾರ್ಯಾಚರಣೆಗೆ ಹಚ್ಚಿದರು. ಬರ್ಮಾ, ಸಿಯಾಂ, ಇಂಡೋಚೀನಾ, ಮಲಯಾಗಳ ಕಾಡುಗಳಲ್ಲಿ ಜಪಾನಿಗಳ ವಿರುದ್ಧ ಕೆಲಸ ಮಾಡುತ್ತಿದ್ದವರಿಗೆ ಜನರನ್ನೂ ಶಸ್ತ್ರವನ್ನೂ ಔಷಧವನ್ನೂ ರಾತ್ರಿಯ ಹೊತ್ತು ಪ್ಯಾರಾಚೂಟ್‌ನಲ್ಲಿ ಇಳಿಸಿ ಬರುವುದು ಅದರ ಪಾಲಿಗೆ ಬಂತು. ಈ ಸಿಬ್ಬಂದಿಯ ಪೈಕಿ ಸತ್ತವರ ಹೆಸರು, ಹುದ್ದೆ, ವಯಸ್ಸು, ತಂದೆ-ತಾಯಿಯ ಊರು ಎಲ್ಲವೂ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ಇಂದಿಗೂ ಸಿಗುತ್ತವೆ. ದಕ್ಷಿಣ ಮತ್ತು ಪೂರ್ವ ಭಾರತದ ಬೇರೆ ಬೇರೆ ಕಡೆ ಹೂತಿದ್ದವರನ್ನು ಒಂದೆಡೆ ತರಲೆಂದು 1952ರಲ್ಲಿ ಚೆನ್ನೈನಲ್ಲಿ ಒಂದು ಸ್ಮಶಾನವನ್ನೇ ಮಾಡಿದ್ದಾರೆ. ಅವರ ಶ್ರದ್ಧೆ ದೊಡ್ಡದು. ಅದೇ ಕೋಲಾರದಲ್ಲಿ ರನ್‌ವೇಗೆ ಜಲ್ಲಿ ಹೊತ್ತವರ ಲೆಕ್ಕ ಇಟ್ಟವರಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬ್ರಿಟನ್ ತನ್ನ ಲಿಬರೇಟರ್‌ಗಳನ್ನೆಲ್ಲ ಕೊಂಡದ್ದಲ್ಲ. ಅವುಗಳಲ್ಲಿ ಹೆಚ್ಚಿನವು ಅಮೆರಿಕ ‘ಲೆಂಡ್-ಲೀಸ್’ ಒಪ್ಪಂದದಡಿ ಕೊಟ್ಟ ಸಾಲ. ಯುದ್ಧ ಮುಗಿದ ಮೇಲೆ ಅವನ್ನು ಹಿಂತಿರುಗಿಸಬೇಕು, ಇಲ್ಲವೇ ಮತ್ತೆ ಹಾರದಂತೆ ಹಾಳು ಮಾಡಬೇಕು ಎಂಬುದು ಷರತ್ತು. ಬ್ರಿಟಿಷ್ ವಾಯುಪಡೆ ಹೊರಡುವ ಮುನ್ನ ಹತ್ತಾರು ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿ ನೆಲೆಯಲ್ಲಿ ಸಾಲಾಗಿ ನಿಲ್ಲಿಸಿ ಷರತ್ತು ಪೂರೈಸಿತು. ಉಪಕರಣಗಳನ್ನು ಒಡೆದರು, ಎಂಜಿನ್‌ಗಳಿಗೆ ಮರಳು ಸುರಿದರು, ಬುಲ್ಡೋಜರ್‌ನಿಂದ ಒಡಲಿಗೆ ಗುದ್ದಿದರು. ಅಲ್ಲಿಗೆ ಬಿಟ್ಟು ಹೋದರು. ಬಿಸಿಲು-ಮಳೆಯಲ್ಲಿ ಅವು ವರ್ಷಗಟ್ಟಲೆ ನಿಂತವು. 1947ರ ವಿಭಜನೆ, ಕಾಶ್ಮೀರದ ಯುದ್ಧ ಎಲ್ಲ ಒಂದರ ಹಿಂದೊಂದು ಬಂದಾಗ ಭಾರತೀಯ ವಾಯುಪಡೆಯ ಬಳಿ ಒಂದಾದರೂ ಭಾರೀ ಬಾಂಬರ್ ಇರಲಿಲ್ಲ; ಹೊಸದನ್ನು ಕೊಳ್ಳಲು ಹಣವೂ ಇರಲಿಲ್ಲ. ಆಗ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಅವಶೇಷಗಳನ್ನು ನೋಡಿ, ಇವನ್ನು ಎಬ್ಬಿಸಬಹುದು ಎಂದರು.

ಎಬ್ಬಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯಬೇಕು. ವಿಮಾನ ಇರುವುದು ಸುಮಾರು 1,500 ಕಿಲೋಮೀಟರ್ ದೂರದಲ್ಲಿ. 110 ಅಡಿ ರೆಕ್ಕೆಯ ಈ ಗಾತ್ರವನ್ನು ಅಂದಿನ ರಸ್ತೆಗಳಲ್ಲಿ ತರುವ ಮಾತೇ ಇಲ್ಲ, ಹಾರಿಸಿಯೇ ತರಬೇಕು. ಒಂದಕ್ಕೆ ಇನ್ನೊಂದರ ಭಾಗ ಹಾಕಿ, ತೂತು ಮುಚ್ಚಿ, ಹೇಗೋ ಒಂದು ಸಲ ಹಾರುವಷ್ಟು ಮಾಡಿ ಕೊಟ್ಟರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್‌ಶೆಡ್ ಕೈಕೋಬಾದ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ತಂದರು. ಆ ಹಾರಾಟಗಳ ಬಗ್ಗೆ ವೈಮಾನಿಕ ವಲಯದಲ್ಲಿ ಇವತ್ತಿಗೂ ಬೆರಗಿನ ಮಾತಿದೆ, ಮತ್ತು ಮುನ್ಷಿಯವರ ಹೆಸರು ಉಳಿದಿರುವುದು ಸಂತೋಷ. ಆದರೆ ಗಮನಿಸಿ: ಇಲ್ಲಿಯೂ ಉಳಿದದ್ದು ಹಾರಿಸಿದವರ ಹೆಸರೇ. ಅವರು ಕುಳಿತ ವಿಮಾನವನ್ನು ಕಾನ್ಪುರದ ಬಯಲಲ್ಲಿ ತೇಪೆ ಹಾಕಿ, ‘ಹೋಗಬಹುದು’ ಎಂದು ಮಾತು ಕೊಟ್ಟ ಮೆಕ್ಯಾನಿಕ್ ಯಾರು? ಅವರ ಮಾತನ್ನು ನಂಬಿ ತಾನೇ ಮುನ್ಷಿ ಮೇಲೇರಿದ್ದು? ಬೆಂಗಳೂರಿಗೆ ಬಂದ ಮೇಲೆ ಪ್ರತಿಯೊಂದನ್ನೂ ಪೂರ್ತಿ ಬಿಚ್ಚಿ, ಎಂಜಿನ್‌ಗಳನ್ನು ಹೊಸದಾಗಿ ಕಟ್ಟಿ, ತಂತಿಜಾಲ ಎಳೆದು, ಒಡಲಿನ ತಗಡು ಬದಲಿಸಿದ್ದು ಯುದ್ಧಕಾಲದಲ್ಲಿ ಅದೇ ಶೆಡ್ಡಿನಲ್ಲಿ ಕೆಲಸ ಕಲಿತ ಕೈಗಳು. 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಕಾನ್ಪುರದಲ್ಲಿ ಆರಂಭವಾಯಿತು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ಪಡೆ ಅದು. ಬೇರೆಯವರು ಗುಜರಿಗೆಂದು ಬಿಸುಟಿದ್ದರಿಂದ ಮಾಡಿಕೊಂಡದ್ದು. ಮುಂದಿನ ವರ್ಷಗಳಲ್ಲಿ ಎಚ್‌ಎಎಲ್ ಹೀಗೆ ನಲವತ್ತರ ಆಸುಪಾಸು ವಿಮಾನಗಳನ್ನು ಸಿದ್ಧಪಡಿಸಿ ಕೊಟ್ಟಿತು.

ಈ ಲಿಬರೇಟರ್‌ಗಳು ಭಾರತದಲ್ಲಿ ದುಡಿದದ್ದು ಇಪ್ಪತ್ತು ವರ್ಷ. 5ನೇ ಸ್ಕ್ವಾಡ್ರನ್ 1957ರಲ್ಲಿ ಜೆಟ್ ಬಾಂಬರ್ ಕ್ಯಾನ್‌ಬೆರಾಕ್ಕೆ ಬದಲಾಯಿತು. 1951ರಲ್ಲಿ ಪುಣೆಯಲ್ಲಿ ಲಿಬರೇಟರ್ ಪಡೆದ 6ನೇ ಸ್ಕ್ವಾಡ್ರನ್ ಮಾತ್ರ ಅವನ್ನು ಸಮುದ್ರ ಕಾಯುವ ಕೆಲಸಕ್ಕೆ ಹಚ್ಚಿ 1968ರ ಕೊನೆಯವರೆಗೆ ಉಳಿಸಿಕೊಂಡಿತು. ಅಷ್ಟರಲ್ಲಿ ಈ ವಿಮಾನವನ್ನು ಯುದ್ಧದಲ್ಲಿ ಬಳಸಿದ ದೇಶಗಳೆಲ್ಲ ಅದನ್ನು ಎಂದೋ ಮರೆತಿದ್ದವು. ಉತ್ತರ ಕನ್ನಡದ ಕರಾವಳಿಯವರಾದ ನಮಗೆ ಈ ಅಧ್ಯಾಯ ಬೇರೆಯವರಿಗಿಂತ ಹತ್ತಿರದ್ದಾಗಬೇಕು. ಧಾರೇಶ್ವರ, ಕುಮಟಾ, ಹೊನ್ನಾವರ, ಭಟ್ಕಳದ ದೋಣಿಗಳು ಇಳಿಯುವ ಇದೇ ಅರಬ್ಬೀ ಸಮುದ್ರ ಆ ವಿಮಾನಗಳ ಕಾವಲಿನ ಕ್ಷೇತ್ರ. 1961ರ ಡಿಸೆಂಬರ್‌ವರೆಗೆ ಗೋವಾದಲ್ಲಿ ಪೋರ್ಚುಗೀಸರಿದ್ದರು. ಕಾರವಾರದ ಎದುರಿನ ಅಂಜದೀವ ದ್ವೀಪವೂ ಅವರದೇ ಆಗಿತ್ತು. ಅಂದರೆ ನಮ್ಮ ಜಿಲ್ಲೆಯ ತೀರದ ಕಣ್ಣಳತೆಯಲ್ಲಿಯೇ ಪರದೇಶದ ಗಡಿ. ಸಮುದ್ರ ಕಾಯುವುದು ಎಂದರೆ ಹತ್ತು ಹನ್ನೆರಡು ಗಂಟೆ ಬರಿಯ ನೀರನ್ನು ನೋಡುತ್ತ ಹಾರುವುದು. ಅದರಲ್ಲಿ ಪದಕ ಸಿಗುವ ಸಾಹಸ ಕಡಿಮೆ, ಬೇಸರ ಹೆಚ್ಚು. ಎಂಜಿನ್ ಕೈಕೊಟ್ಟರೆ ಮಾತ್ರ ಇಳಿಯಲು ನೆಲವಿಲ್ಲ. ಇಪ್ಪತ್ತು ವರ್ಷದ ಹಳೆಯ, ಒಮ್ಮೆ ಬುಲ್ಡೋಜರ್‌ಗೆ ಸಿಕ್ಕಿ ಬದುಕಿದ ಯಂತ್ರವನ್ನು ಸಮುದ್ರದ ಮೇಲೆ ಅಷ್ಟು ಹೊತ್ತು ನಂಬಿ ಹಾರಲು ಬಿಟ್ಟರು ಎಂದರೆ, ಅದರ ದುರಸ್ತಿ ಎಂಥದ್ದಾಗಿತ್ತು ಎಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಈ ಚರಿತ್ರೆಯನ್ನು ಬರೆಯಬೇಕು ಎಂಬ ಮಾತಿಗೆ ಮೊದಲ ಆಕ್ಷೇಪ ನಮ್ಮ ಜಿಲ್ಲೆಯಿಂದಲೇ ಬರುವುದು ನ್ಯಾಯ. ಯುದ್ಧ ಬ್ರಿಟಿಷರದು, ವೈಸ್‌ರಾಯ್ ಭಾರತೀಯರನ್ನು ಒಂದು ಮಾತು ಕೇಳದೆ ದೇಶವನ್ನು ಅದಕ್ಕೆ ನೂಕಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆ, ಕರ ನಿರಾಕರಿಸಿ ಮನೆ-ಜಮೀನು ಕಳೆದುಕೊಂಡ ಅಂಕೋಲೆ ಸಿದ್ಧಾಪುರಗಳ ರೈತರು, 1942ರಲ್ಲಿ ಜೈಲು ಸೇರಿದವರು, ಇವರ ನೆನಪನ್ನು ಉಳಿಸುವುದು ಬಿಟ್ಟು ಬ್ರಿಟಿಷರ ಬಾಂಬರ್‌ಗಳ ಕಥೆ ನಮಗೇಕೆ ಎಂದು ಕೇಳಿದರೆ ಏನು ಹೇಳುವುದು? ಒಂದನ್ನು ಬಿಟ್ಟು ಇನ್ನೊಂದು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ವರ್ಷಗಳಲ್ಲಿ, ಅದೇ ನಾಡಿನಲ್ಲಿ, ಒಬ್ಬ ಜೈಲಿನಲ್ಲಿದ್ದಾಗ ಇನ್ನೊಬ್ಬ ಕಾರ್ಖಾನೆಯ ಗೇಟಿನ ಮುಂದೆ ಕೆಲಸಕ್ಕಾಗಿ ಸಾಲು ನಿಂತಿದ್ದ ಎಂಬುದೂ ಚರಿತ್ರೆಯೇ. ಅವನು ಸಾಮ್ರಾಜ್ಯದ ಭಕ್ತನಾಗಿ ಹೋದವನಲ್ಲ, ಹೊಟ್ಟೆಪಾಡಿಗೆ ಹೋದವನು. ಜಪಾನೀ ವಿಮಾನಗಳು 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದಾಗ ಸತ್ತವರು ಸಾಮಾನ್ಯ ಜನ. ಈ ಯುದ್ಧ ನಮ್ಮದಲ್ಲ ಎಂಬ ಮಾತು ಅವರ ಪಾಲಿಗೆ ಅಷ್ಟು ಸರಳವಾಗಿರಲಿಲ್ಲ. ಇನ್ನು ಕಾನ್ಪುರದ ಕಥೆಯಂತೂ ಈ ಆಕ್ಷೇಪಕ್ಕೆ ನೇರ ಉತ್ತರ. ಹೋಗುವವರು ಉಪಯೋಗಕ್ಕೆ ಬಾರದಂತೆ ಮಾಡಿ ಬಿಟ್ಟು ಹೋದದ್ದನ್ನು ಉಳಿದವರು ತಮ್ಮ ಉಪಯೋಗಕ್ಕೆ ಎತ್ತಿಕೊಂಡರು. ಸ್ವಾತಂತ್ರ್ಯದ ಮೊದಲ ವರ್ಷಗಳ ಸ್ವಾವಲಂಬನೆಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಹುಡುಕುವುದು ಕಷ್ಟ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳದ್ದು. ಬಾಂಬರ್ ಎಂದರೆ ಕೊಲ್ಲುವ ಯಂತ್ರ. ಅದನ್ನು ದುರಸ್ತಿ ಮಾಡಿದವರನ್ನು ಹೊಗಳುವುದು ಕೊಲೆಯನ್ನೇ ಹೊಗಳಿದಂತಲ್ಲವೇ? ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವಂತಿಲ್ಲ, ಏಕೆಂದರೆ ಬರ್ಮಾದ ಆಕಾಶದಲ್ಲಿ ಲಿಬರೇಟರ್ ಮಾಡಿದ ಕೆಲಸದ ಒಂದು ಭಾಗ ನಿಜಕ್ಕೂ ಎದೆ ನಡುಗಿಸುವಂಥದ್ದು. ಸಿಯಾಂ-ಬರ್ಮಾ ರೈಲುದಾರಿಯನ್ನು ಜಪಾನಿಗಳು ಯುದ್ಧಕೈದಿಗಳಿಂದಲೂ ಏಷ್ಯಾದ ಕೂಲಿಗಳಿಂದಲೂ ಹೊಡೆದು ಬಡಿದು ಕಟ್ಟಿಸಿದರು. ಹನ್ನೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ಸತ್ತರು. ಕೂಲಿಗಳು ಅದರ ಎಷ್ಟೋ ಪಟ್ಟು, ಮಲಯಾದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರೂ ಅವರಲ್ಲಿದ್ದರು. ಅದೇ ದಾರಿಯ ಸೇತುವೆಗಳ ಮೇಲೆ ಲಿಬರೇಟರ್‌ಗಳು ಬಾಂಬ್ ಸುರಿದಾಗ ಪಕ್ಕದ ಶಿಬಿರಗಳಲ್ಲಿದ್ದ ಕೈದಿಗಳೂ ಸತ್ತರು. ತಮ್ಮನ್ನು ಬಿಡಿಸಲು ಬಂದವರ ಬಾಂಬಿಗೇ ಸಿಕ್ಕಿದವರು ಅವರು. ಸಿಬ್ಬಂದಿಯ ಶೌರ್ಯದ ಪುಸ್ತಕಗಳಲ್ಲಿ ಈ ಸಾವುಗಳಿಗೆ ಸಿಗುವ ಜಾಗ ಕಡಿಮೆ. ಕೂಲಿಗಳ ಸಾವಿಗಂತೂ ಇನ್ನೂ ಕಡಿಮೆ. ಆದ್ದರಿಂದಲೇ ಸೇವಾಚರಿತ್ರೆಯನ್ನು ಹಿಗ್ಗಿಸಿ ಬರೆಯಬೇಕು ಎನ್ನುತ್ತಿದ್ದೇನೆ. ವಿಮಾನದೊಳಗಿನ ಹತ್ತು ಜನರನ್ನಷ್ಟೇ ನೋಡುವ ಚರಿತ್ರೆ ವಿಮಾನದ ಕೆಳಗಿದ್ದವರನ್ನು ಎರಡು ಸಲ ಮರೆಯುತ್ತದೆ: ಹೊರಡುವ ನೆಲದಲ್ಲಿ ದುಡಿದವರನ್ನು ಒಮ್ಮೆ, ತಲುಪುವ ನೆಲದಲ್ಲಿ ಸತ್ತವರನ್ನು ಇನ್ನೊಮ್ಮೆ. ಕನ್ನಡದಲ್ಲಿ ಇದನ್ನು ಬರೆಯುವವರು ಆ ಎರಡನ್ನೂ ಸೇರಿಸಿ ಬರೆಯಲಿ. ಹೊಗಳಿಕೆಯೇ ಬೇಡ, ಲೆಕ್ಕ ಸಾಕು.

ಮೂರನೆಯದು ಎಂಜಿನಿಯರುಗಳು ಎತ್ತುವ ಪ್ರಶ್ನೆ. ದುರಸ್ತಿ ಬೇರೆ, ತಯಾರಿಕೆ ಬೇರೆ. ಬೇರೆಯವರು ಕಟ್ಟಿದ್ದನ್ನು ರಿಪೇರಿ ಮಾಡಿದ್ದರಲ್ಲಿ ಯಾವ ದೊಡ್ಡಸ್ತಿಕೆ? ಇದರೊಳಗೆ ನಮ್ಮ ಸಮಾಜದ ಒಂದು ಹಳೆಯ ಮೇಲರಿಮೆ ಅಡಗಿದೆ. ಚಿತ್ರ ಬರೆದವನು ಮೇಲು, ಕೈಗೆ ಎಣ್ಣೆ ಹತ್ತಿದವನು ಕೀಳು ಎಂಬ ಭಾವನೆ ಅದು. ವಾಸ್ತವದಲ್ಲಿ ಬೆಂಗಳೂರಿನ ವಿಮಾನೋದ್ಯಮ ಬೆಳೆದದ್ದೇ ಇದರ ತಲೆಕೆಳಗಿನ ಕ್ರಮದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರ್‌ನಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು ಪಕ್ಕದಲ್ಲಿ ಕಾರ್ಖಾನೆ ಇತ್ತೆಂಬ ಕಾರಣಕ್ಕೂ ಹೌದು. ಡಾ. ವಿ.ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿದಾಗ, ಅದರ ತಗಡಿಗೆ ರಿವೆಟ್ ಹೊಡೆಯಲು ಕೈಗಳು ಸಿದ್ಧವಾಗಿದ್ದವು. ಡಕೋಟಾ, ಲಿಬರೇಟರ್‌ಗಳನ್ನು ಬಿಚ್ಚಿ ಕಟ್ಟಿ ಪಳಗಿದ ಕೈಗಳು. ಯುದ್ಧಾನಂತರ ವಿಮಾನದ ಕೆಲಸ ಇಳಿದ ದಿನಗಳಲ್ಲಿ ಎಚ್‌ಎಎಲ್ ಬಸ್ಸುಗಳ ಒಡಲು ಕಟ್ಟಿತು, ಪೂರ್ತಿ ಲೋಹದ ರೈಲು ಬೋಗಿ ಕಟ್ಟಿತು. ಆ ಬೋಗಿಗಳ ಕೆಲಸವೇ ಮುಂದೆ 1964ರಲ್ಲಿ ಬಿಇಎಂಎಲ್ ಆಯಿತು. ವಿಮಾನದ ಒಡಲು ಕಟ್ಟುವ ಕೌಶಲವೇ ರೈಲಿಗೂ ಬಂತು. ಇಂದು ನಮ್ಮ ಸರ್ಕಾರಗಳು ವಿಮಾನ ದುರಸ್ತಿ ಕೇಂದ್ರಗಳನ್ನು ರಾಜ್ಯಕ್ಕೆ ಕರೆತರಲು ತೆರಿಗೆ ರಿಯಾಯಿತಿಯ ಮೇಲೆ ರಿಯಾಯಿತಿ ಘೋಷಿಸುತ್ತಿವೆ. ಎಂಟು ದಶಕದ ಹಿಂದೆ ಅದೇ ಕೆಲಸವನ್ನು ಇಲ್ಲಿ ಮಾಡುತ್ತಿದ್ದರು ಎಂದು ಆ ಘೋಷಣೆಗಳಲ್ಲಿ ಯಾರೂ ಹೇಳುವುದಿಲ್ಲ.

ಕೊನೆಯದು ವ್ಯಾವಹಾರಿಕ ತಕರಾರು: ಇಷ್ಟು ವರ್ಷವಾದ ಮೇಲೆ ದಾಖಲೆ ಎಲ್ಲಿ ಸಿಗುತ್ತದೆ, ಯಾರಿಗೆ ಬೇಕು? ಇದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರಕರಣವನ್ನು ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ಅವರ ಮಿಸ್ಟಿಯರ್ ವಿಮಾನ ಮರಳಲಿಲ್ಲ. ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಒಂದನ್ನು ಅವರು ಉರುಳಿಸಿ ಮಡಿದರು ಎಂಬುದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದು ಹೊರಬಂದದ್ದು ಎಷ್ಟೋ ವರ್ಷಗಳ ಮೇಲೆ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿ ಆಧರಿಸಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಫೈಟರ್ ಪೈಲಟ್‌ನ ಪಾಡೇ ಇದಾದರೆ ಫಿಟ್ಟರನ ಗತಿ ಏನು? ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ದಾಖಲೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಹುಡುಕುವವರು ಬೇಕು. ಬ್ರಿಟನ್ನಿನ ಸಂಗ್ರಹಾಲಯದಲ್ಲಿರುವ ಲಿಬರೇಟರನ್ನೇ ನೋಡಿ. ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಿಂದ ಹೊರಟು, ಬ್ರಿಟಿಷ್ ವಾಯುಪಡೆಯಲ್ಲಿ ಕೆಎನ್ 751 ಎನ್ನಿಸಿಕೊಂಡು, 99ನೇ ಸ್ಕ್ವಾಡ್ರನ್ನಿನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಿಂದ ಹಾರಿ, ಕಾನ್ಪುರದಲ್ಲಿ ಗುಜರಿಯಾಗಿ, ಬೆಂಗಳೂರಿನಲ್ಲಿ ಮತ್ತೆ ಜೀವ ಪಡೆದು ಎಚ್‌ಇ 807 ಆಗಿ, 6ನೇ ಸ್ಕ್ವಾಡ್ರನ್ನಿನಲ್ಲಿ ದುಡಿದು, 1974ರಲ್ಲಿ ಭಾರತದ ಕೊಡುಗೆಯಾಗಿ ಬ್ರಿಟನ್ನಿಗೆ ಹಾರಿಹೋದ ವಿಮಾನ ಅದು. ಪ್ರತಿ ಮೆಟ್ಟಿಲನ್ನೂ ಅವರು ಬರೆದಿಟ್ಟಿದ್ದಾರೆ. ಬೆಂಗಳೂರಿನ ಮೆಟ್ಟಿಲು ಮಾತ್ರ ಅಲ್ಲಿ ಒಂದು ಸಾಲು. ಅದನ್ನು ಒಂದು ಅಧ್ಯಾಯ ಮಾಡುವ ಕೆಲಸ ಬ್ರಿಟಿಷರದಲ್ಲ. ಕೆನಡಾದವರು ತಮ್ಮ ಲಿಬರೇಟರ್‌ಗೆ ಬದಲಾಗಿ ನಮಗೊಂದು ಲೈಸ್ಯಾಂಡರ್ ವಿಮಾನ ಕೊಟ್ಟರು, ಅದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. ಅಲ್ಲಿಯೇ ಒಂದು ಲಿಬರೇಟರ್ ಕೂಡ ಇದೆ. ಅವುಗಳನ್ನು ಎಬ್ಬಿಸಿದ ಊರಿನಲ್ಲಿ, ಎಚ್‌ಎಎಲ್‌ನ ಸ್ವಂತ ಸಂಗ್ರಹಾಲಯದಲ್ಲಿ, ಒಂದೂ ಇಲ್ಲ.

ವಿಮಾನವನ್ನು ತಂದು ನಿಲ್ಲಿಸುವುದಷ್ಟೇ ಸಾಲದು ಎಂಬುದಕ್ಕೆ ನಮ್ಮ ಜಿಲ್ಲೆಯ ಕಾರವಾರವೇ ಸಾಕ್ಷಿ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕದಲ್ಲಿ ಈಗ ನೌಕಾಪಡೆಯ ಟುಪೊಲೆವ್-142 ನಿಂತಿದೆ. ಸೋವಿಯತ್ ಒಕ್ಕೂಟದ ಭಾರೀ ಬಾಂಬರ್ ಒಂದರಿಂದಲೇ ರೂಪಿಸಿದ ಈ ವಿಮಾನ ವಂಶದಲ್ಲಿ ಲಿಬರೇಟರ್‌ನ ಉತ್ತರಾಧಿಕಾರಿ: ಲಿಬರೇಟರ್ ಹೋದ ಮೇಲೆ ಸಮುದ್ರದ ಕಾವಲನ್ನು ಸೂಪರ್ ಕಾನ್‌ಸ್ಟೆಲೇಷನ್ ಮುಂದುವರಿಸಿತು, 1976ರಲ್ಲಿ ಆ ಹೊಣೆ ವಾಯುಪಡೆಯಿಂದ ನೌಕಾಪಡೆಗೆ ಬಂತು, 1988ರಲ್ಲಿ ಟುಪೊಲೆವ್ ಬಂದು 2017ರ ಮಾರ್ಚ್‌ವರೆಗೆ ದುಡಿಯಿತು. ಇಪ್ಪತ್ತೊಂಬತ್ತು ವರ್ಷ ಒಂದೂ ಅಪಘಾತವಿಲ್ಲದೆ ಹಾರಿತು ಎಂದು ನೌಕಾಪಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅಪಘಾತವಿಲ್ಲದ ದಾಖಲೆ ಪೈಲಟ್‌ಗಳದ್ದೆಷ್ಟೋ ನೆಲದ ಸಿಬ್ಬಂದಿಯದ್ದೂ ಅಷ್ಟೇ. ಶಾಲಾ ಪ್ರವಾಸಕ್ಕೆ ಹೋಗುವ ಮಕ್ಕಳು ಆ ವಿಮಾನದ ಉದ್ದ, ವೇಗ, ಎಂಜಿನ್ನಿನ ಶಕ್ತಿ ಓದಿ ಬರುತ್ತಾರೆ. ಅದನ್ನು ನೋಡಿಕೊಂಡ ತಂತ್ರಜ್ಞರ ಮಾತು, ಅದಕ್ಕೂ ಮುಂಚೆ ಇದೇ ಸಮುದ್ರವನ್ನು ಕಾದ ಲಿಬರೇಟರ್‌ಗಳ ಮಾತು, ಅವನ್ನು ಕಟ್ಟಿದ ಬೆಂಗಳೂರಿನ ಕೈಗಳ ಮಾತು ಕನ್ನಡದಲ್ಲಿ ಅಲ್ಲಿರಬೇಕು. ಒಂದು ಫಲಕದ ಖರ್ಚು ಎಷ್ಟಾದೀತು?

ಕೆಲಸ ಯಾರು ಮಾಡಬೇಕು ಎಂಬುದು ಸ್ಪಷ್ಟವಿದೆ. 1948ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಕೆಲಸಗಾರ ಇಂದು ಬದುಕಿದ್ದರೆ ನೂರರ ಹತ್ತಿರ. ಅವರ ಬಾಯಿಂದ ಕೇಳುವ ಕಾಲ ಬಹುತೇಕ ಮುಗಿದಿದೆ. ಉಳಿದಿರುವುದು ಮಕ್ಕಳು, ಮೊಮ್ಮಕ್ಕಳು ಮತ್ತು ಮನೆಗಳಲ್ಲಿರುವ ಕಾಗದ. ಎಚ್‌ಎಎಲ್ ತನ್ನ ಹಳೆಯ ಹಾಜರಿ ಪುಸ್ತಕ, ಕೆಲಸದ ಚೀಟಿ, ಛಾಯಾಚಿತ್ರಗಳನ್ನು ಸಂಶೋಧಕರಿಗೆ ತೆರೆಯಲಿ. ಕೋಲಾರದ ನೆಲೆಯ ಬಗ್ಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಒಬ್ಬ ವಿದ್ಯಾರ್ಥಿಗಾದರೂ ವಿಷಯ ಕೊಡಲಿ. ಮತ್ತು ಈ ಬರಹ ಓದುವವರ ಮನೆಯಲ್ಲಿ ವಿಮಾನ ಕಾರ್ಖಾನೆಯಲ್ಲಿ ದುಡಿದ ಅಜ್ಜನದೋ ಮುತ್ತಜ್ಜನದೋ ಗುರುತಿನ ಬಿಲ್ಲೆ, ಸರ್ಟಿಫಿಕೇಟು, ಶೆಡ್ಡಿನ ಮುಂದೆ ತೆಗೆಸಿಕೊಂಡ ಗುಂಪಿನ ಫೋಟೊ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ಗೊತ್ತಿರುವಷ್ಟು ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಂದು ಪ್ರತಿ ಕೊಡಿ.